ಲಿಫ್ಟ್‌ನಲ್ಲಿ ನಾಲ್ಕು ಜನ

ಲಿಫ್ಟ್‌ನ ಬಾಗಿಲು ತೆರೆದಾಗ ಅವಳು ಎಂದಿನಂತೆ ಬಾಗಿಲಿಗೆ ಬೆನ್ನು ಹಾಕಿ, ಹಿಂದಿನ ಗೋಡೆಯನ್ನು ನೋಡುತ್ತ ನಿಂತಿದ್ದಳು. ಪಕ್ಕದಲ್ಲಿ ಇನ್ನೂ ಮೂವರು, ಅವರೂ ಹಾಗೆಯೇ. ಮನಃಶಾಸ್ತ್ರದ ಸಂಶೋಧನೆಯೊಂದಕ್ಕೆ ಸಂಬಳ ಪಡೆದು ಬೆನ್ನು ತೋರಿಸುವವರು ಈ ನಾಲ್ವರು. ಒಳಗೆ ಬಂದ ಅಪರಿಚಿತರು ಮೊದಲು ತಬ್ಬಿಬ್ಬಾಗುತ್ತಾರೆ, ಸುಮ್ಮನೆ ವಾಚು ನೋಡಿಕೊಳ್ಳುತ್ತಾರೆ, ಆಮೇಲೆ ಯಾರೂ ಹೇಳದಿದ್ದರೂ ಮೆಲ್ಲಗೆ ಗೋಡೆಯ ಕಡೆ ತಿರುಗುತ್ತಾರೆ. ಮೂಲೆಯ ಕ್ಯಾಮೆರಾ ಅದನ್ನು ಹಿಡಿದಿಡುತ್ತದೆ.

ಈ ಕೆಲಸ ಅವಳಿಗೆ ಹೇಳಿ ಮಾಡಿಸಿದಂತಿತ್ತು. ಎಲ್ಲರೂ ಎತ್ತ ತಿರುಗುತ್ತಾರೋ ಅತ್ತ ತಿರುಗುವುದು ಅವಳಿಗೆ ಚಿಕ್ಕಂದಿನ ಅಭ್ಯಾಸ.

"ಸ್ವಲ್ಪ ಜಾಗ ಕೊಡಿ."

ಹೀಗೆಂದು ಒಳಗೆ ಬಂದವನೊಬ್ಬ ನಾಲ್ಕು ಬೆನ್ನುಗಳ ನಡುವೆ ನುಸುಳಿ, ಹಿಂದಿನ ಗೋಡೆಗೆ ಒರಗಿ, ಬಾಗಿಲ ಕಡೆಗೆ ಮುಖ ಮಾಡಿ ನಿಂತುಬಿಟ್ಟ. ಅಂದರೆ ನೇರವಾಗಿ ಅವಳ ಮುಖಕ್ಕೆ ಮುಖ ಕೊಟ್ಟು.

ಹೀಗೆ ಯಾರೂ ಮಾಡಿರಲಿಲ್ಲ. ಅವಳು ಅವನ ಅಂಗಿಯ ಗುಂಡಿಯ ಮೇಲೆ ಕಣ್ಣು ನೆಟ್ಟಳು. ಅವನು ತಲೆಯನ್ನು ಎಡಕ್ಕೆ ವಾಲಿಸಿ ಅವಳನ್ನು ನೋಡಿದ. ಸ್ವಲ್ಪ ಹೊತ್ತಿಗೆ ಬಲಕ್ಕೆ ವಾಲಿಸಿದ. ನಗಬಾರದು ಎನ್ನುವುದು ನಿಯಮ. ಅವಳು ಕೆನ್ನೆಯ ಒಳಭಾಗವನ್ನು ಹಲ್ಲಿನಿಂದ ಕಚ್ಚಿ ಹಿಡಿದಳು.

ಕೆಳಗಿಳಿದ ಮೇಲೆ ವಿಷಯ ತಿಳಿಸುವುದೂ ಅವಳದೇ ಕೆಲಸ. "ಸರ್, ಇದೊಂದು ಪ್ರಯೋಗ. ನೀವು ಯಾಕೆ ನಮ್ಮ ಥರ ತಿರುಗಲಿಲ್ಲ?"

"ತಿರುಗಬೇಕಿತ್ತಾ? ನಾನು ಗಮನಿಸ್ಲೇ ಇಲ್ಲ. ನಿಮ್ಮ ಕನ್ನಡಕ ಸೊಟ್ಟಗಿದೆ. ಅದನ್ನೇ ನೋಡ್ತಾ ನೋಡ್ತಾ ನನ್ನ ಕತ್ತೂ ಸೊಟ್ಟಗಾಯ್ತು."

ಆ ಕಟ್ಟಡದ ಕೆಳಮಹಡಿಗೆ ಹೊಸದಾಗಿ ಬಂದ ಕನ್ನಡಕದಂಗಡಿ ಅವನದು. ಪ್ರಯೋಗ ನಡೆಸುತ್ತಿದ್ದ ಮೇಲಿನ ಮಹಡಿಯ ಮೇಡಂ ಮಾತ್ರ ವೀಡಿಯೊ ನೋಡಿ, "ಅಬ್ಬಾ, ಎಂಥಾ ಸ್ವತಂತ್ರ ಮನಸ್ಸು!" ಎಂದು ಕೊಂಡಾಡಿದರು. ಅವಳಿಗೆ ನಗು ತಡೆಯಲಾಗಲಿಲ್ಲ.

ಸಂಜೆ ಅವನು ಕನ್ನಡಕದ ಕಡ್ಡಿಯನ್ನು ಬಿಸಿಗಾಳಿಗೆ ಹಿಡಿದು ಬಗ್ಗಿಸಿ, ಅವಳ ಕಿವಿಗೆ ಬೆರಳು ತಾಗದಂತೆ ಎಚ್ಚರವಾಗಿ ತೊಡಿಸಿದ. ಆ ಎಚ್ಚರವೇ ತಾಗಿದಂತಾಯಿತು.

"ಈಗ ಯಾವುದಾದ್ರೂ ದೂರದ್ದು ನೋಡಿ."

"ಹತ್ತಿರದ್ದೇ ಚೆನ್ನಾಗಿ ಕಾಣ್ತಿದೆ."

ಅಂದಳು ಅವಳು. ಇಂಥ ಮಾತು ತನ್ನ ಬಾಯಿಂದ ಬಂತೇ?

ಅಲ್ಲಿಂದಾಚೆ ಆ ಕನ್ನಡಕಕ್ಕೆ ಪದೇ ಪದೇ ಕಾಯಿಲೆ.

"ಈ ಸ್ಕ್ರೂ ತಾನಾಗೇ ಸಡಿಲ ಆಗಿಲ್ಲ. ಯಾರೋ ತಿರುಗಿಸಿದ್ದಾರೆ."

"ನಿಮ್ಮಂಗಡಿ ಸ್ಕ್ರೂ ತಾನೆ, ಹೇಗೆ ನಂಬೋದು?"

ಅವನು ಕೊರಳು ಬಗ್ಗಿಸಿ ಸ್ಕ್ರೂ ಬಿಗಿಯುತ್ತಲೇ ಒಂದು ದಿನ ಹೇಳಿದ: "ನಂಗೆ ಒಂದು ಮದುವೆ ಆಗಿತ್ತು. ಜಗಳ ಏನಿರಲಿಲ್ಲ, ಮಾತೇ ನಿಂತುಹೋಯ್ತು. ಬೇರೆಯವರಿಂದ ನಿಮಗೆ ಗೊತ್ತಾಗೋದು ಬೇಡ ಅಂತ ಹೇಳ್ದೆ."

ಅವಳು ಎದ್ದು ಹೋಗಲಿಲ್ಲ. ಅವನು ತಲೆಯೆತ್ತಿದಾಗ, ಕನ್ನಡಕವಿಲ್ಲದ ಅವಳ ಕಣ್ಣಿಗೆ ಆ ಮುಖ ಮಂಜಾಗಿ ಕಂಡಿತು. ಮಂಜಾಗಿಯೂ ಬೇಕೆನಿಸಿತು.

ಸುದ್ದಿ ಮನೆ ಮುಟ್ಟಿತು. ಭಾನುವಾರದ ಊಟದ ಮೇಜಿನಲ್ಲಿ ಭಾವನೇ ಶುರು ಮಾಡಿದರು.

"ಪುಟ್ಟಿ, ಡಿವೋರ್ಸ್ ಆದವನು ಕಣಮ್ಮ. ನಾಲ್ಕು ಜನ ಏನಂತಾರೆ?"

"ಇವರು ಹೇಳೋದು ಸರಿ," ಅಂದಳು ಅಕ್ಕ.

"ಸರಿ ಅಲ್ದೆ ಮತ್ತೇನು," ಅಂದರು ಚಿಕ್ಕಪ್ಪ.

ಅಮ್ಮ ಒಬ್ಬೊಬ್ಬರ ಮುಖವನ್ನೂ ನೋಡಿದಳು. ಕೊನೆಗೆ, "ನಂಗೇನು ತಿಳಿಯುತ್ತೆ... ಎಲ್ಲರೂ ಹೇಳ್ತಿದ್ದಾರೆ ಅಂದ್ಮೇಲೆ ಸರಿಯೇ ಇರಬೇಕು," ಅಂದಳು. ಲಿಫ್ಟ್‌ನ ವೀಡಿಯೊಗಳಲ್ಲಿ ಮಗಳು ನೂರು ಸಲ ನೋಡಿದ್ದ ಕ್ಷಣ ಅದು. ಅಮ್ಮ ಮೆಲ್ಲಗೆ ಗೋಡೆಗೆ ತಿರುಗಿದ್ದಳು.

ಆಮೇಲೆ ಎಲ್ಲರೂ ಮಗಳನ್ನೇ ನೋಡಿದರು. "ಸರಿ," ಅಂದುಬಿಟ್ಟಳು ಅವಳು.

ಆ ಒಂದು ಮಾತು ಮರುದಿನ ಮಧ್ಯಾಹ್ನ ಅವಳನ್ನು ಅಂಗಡಿಗೆ ಎಳೆದು ತಂದಿತು. ಅವನು ಅಜ್ಜಿಯೊಬ್ಬರ ಕಣ್ಣು ಪರೀಕ್ಷಿಸುತ್ತಿದ್ದ. ಇವಳು ಬಾಯಿ ತೆರೆಯುವ ಮೊದಲೇ ಹೇಳಿದ.

"ಬೆಳಿಗ್ಗೆ ನಿಮ್ಮ ಭಾವ ಬಂದಿದ್ರು. ಅವರು ಹೇಳೋದ್ರಲ್ಲೂ ತಪ್ಪಿಲ್ಲ. ನಿಮಗೆ ತೊಂದರೆ ಬೇಡ. ನಾಲ್ಕು ಜನ ಏನಂತಾರೆ ಅಂತ ನೋಡಬೇಕಲ್ವಾ..."

ಅವನೂ! ಅವಳ ಮೈಯೆಲ್ಲ ಉರಿಯಿತು.

"ಯಾರು ರೀ ಆ ನಾಲ್ಕು ಜನ? ನಾನು ಹೇಳ್ಲಾ? ಅವರಲ್ಲಿ ನಾನೂ ಒಬ್ಬಳು! ಒಳಗೆ ಬಂದವರು ನಮ್ಮ ಬೆನ್ನು ನೋಡಿ ಬೆವರ್ತಾರೆ, ಇವರಿಗೆಲ್ಲ ಏನೋ ಗೊತ್ತಿದೆ ಅಂದ್ಕೊಳ್ತಾರೆ. ಆಗ ನಾವೇನು ಯೋಚಿಸ್ತಿರ್ತೀವಿ ಗೊತ್ತಾ? ಒಬ್ಬನಿಗೆ ಮೂಗು ತುರಿಸ್ತಿರುತ್ತೆ. ಒಬ್ಬಳಿಗೆ ಚಪ್ಪಲಿ ಕಚ್ತಿರುತ್ತೆ. ಇನ್ನೊಬ್ಬ ನಿಂತಲ್ಲೇ ತೂಕಡಿಸ್ತಾನೆ. ನಂಗೆ ಊಟದ ಚಿಂತೆ. ಒಳಗೆ ಬಂದವರ ಬಗ್ಗೆ ನಮಗೆ ಏನೂ ಅನಿಸಲ್ಲ ರೀ! ಅಂಥ ನಾಲ್ಕು ಜನಕ್ಕಾಗಿ ನಾನು ನಿಮ್ಮನ್ನ ಬಿಡ್ಬೇಕಾ?"

ಅವನು ಕೈಯಲ್ಲಿದ್ದ ಗಾಜನ್ನು ಕೆಳಗಿಟ್ಟ. "ನಿಮಗೆ ಭಯ ಇಲ್ವಾ?"

"ಇದೆ," ಅಂದಳು ಅವಳು. "ಭಯ ಹೋಗ್ಲಿ ಅಂತ ಕಾದ್ರೆ ಮುದುಕಿ ಆಗ್ತೀನಿ."

"ಮುದುಕಿ ಆದ್ರೂ ಹೋಗಲ್ಲಮ್ಮ," ಅಂದರು ಅಜ್ಜಿ, ಕುರ್ಚಿಯಿಂದ ಅಲ್ಲಾಡದೆ.

ಅವಳು ಫೋನ್ ತೆಗೆದು ಅಕ್ಕನಿಗೆ ಹಚ್ಚಿದಳು. "ಅಕ್ಕಾ, ಸ್ಪೀಕರ್ ಹಾಕು, ಎಲ್ಲರೂ ಕೇಳ್ಲಿ. ನಿನ್ನೆ ಸರಿ ಅಂದೆನಲ್ಲ, ಅದು ನನ್ನ ಮಾತಲ್ಲ. ನಾನು ಇವರನ್ನೇ ಮದುವೆ ಆಗೋದು."

"ಏನಿದು ಹುಡುಗಾಟ?" ಭಾವನ ದನಿ ಏರಿತು. "ಎಲ್ಲರೂ ಕೂತು ತೀರ್ಮಾನ ಮಾಡಿದ್ದು!"

"ಎಲ್ಲರೂ ಅಂದ್ರೆ ನಾನೂ ಸೇರಬೇಕು ಭಾವ. ನಾನು ಸೇರಿಲ್ಲ."

"ಹಾಗಾದ್ರೆ ಈ ಮನೆ ಬಾಗಿಲು ನಿನಗೆ..."

"ಸಂಜೆ ಬರ್ತೀವಿ. ತೆಗೆದ್ರೆ ಒಳಗೆ ಕೂತು ಮಾತಾಡೋಣ. ತೆಗೀದಿದ್ರೆ ಮೆಟ್ಟಿಲ ಮೇಲೆ ಕೂತು ಮಾತಾಡ್ತೀನಿ. ಅಕ್ಕಪಕ್ಕದವರಿಗೂ ಕೇಳ್ಲಿ!"

ಆ ಕಡೆ ಯಾರದೋ ಕುರ್ಚಿ ಜರುಗಿದ ಸದ್ದು. ಆಮೇಲೆ ಅಮ್ಮನ ದನಿ, ಫೋನಿಗೆ ತೀರ ಹತ್ತಿರದಿಂದ: "ಪುಟ್ಟಿ, ಎಷ್ಟು ಹೊತ್ತಿಗೆ ಬರ್ತೀರಾ? ಬಾಗಿಲು ನಾನು ತೆಗೀತೀನಿ."

ಫೋನ್ ಇಟ್ಟು ಅವಳು ಅವನ ಕಡೆ ತಿರುಗಿದಳು.

"ಬರ್ತೀವಿ ಅಂದುಬಿಟ್ರಿ," ಅಂದ ಅವನು. "ನಾನಿನ್ನೂ ಹೂಂ ಅಂದಿಲ್ಲ."

"ಅನ್ನಿ ಮತ್ತೆ."

ಅವನು ನೋಡಿದ. ಈ ಸಲ ಕನ್ನಡಕವನ್ನಲ್ಲ. ಅವಳು ಗುಂಡಿಯ ಮೇಲೆ ಕಣ್ಣು ನೆಡಲಿಲ್ಲ.

"ಹೂಂ," ಅಂದ, ಉಸಿರಿನಷ್ಟು ಮೆಲ್ಲಗೆ.

"ಏನಂದ?" ಅಂದರು ಅಜ್ಜಿ. "ನಂಗೆ ಕಿವಿನೂ ಮಂದ ಕಣಪ್ಪ."

"ಹೂಂ ಅಂದೆ ಅಜ್ಜೀ! ಹೂಂ!"

ಹೊರಗೆ ಹೋಗುತ್ತಿದ್ದವರು ನಿಂತು, ಗಾಜಿನ ಬಾಗಿಲಿನಿಂದ ಒಳಗೆ ಇಣುಕಿದರು. ನೋಡಲಿ ಎಂದು ಅವಳು ಅವನ ಕೈ ಹಿಡಿದಳು.