ಕೀಳದೆ ತಂದ ಮೂರು ಹೂಗಳು

ಬಹಳ ಕಾಲದ ಹಿಂದೆ ಬೆಳ್ಳಿಗಾವಲು ಎಂಬ ರಾಜ್ಯವಿತ್ತು. ವಸಂತ ಬಂತೆಂದರೆ ಅಲ್ಲಿಯ ಕಾಡಿನ ನೆಲದ ತುಂಬ ಉಗುರಿನಷ್ಟು ಪುಟ್ಟ ಹೂಗಳು ಅರಳುತ್ತಿದ್ದವು. ಒಂದು ವರ್ಷ ಕರಾಳನೆಂಬ ಮಾಂತ್ರಿಕ ಆ ಕಾಡನ್ನು ವಶಮಾಡಿಕೊಂಡ. ಅಂದಿನಿಂದ ಹೂ ಕಿತ್ತವರೆಲ್ಲ ಮೃಗಗಳಾದರು. ಹೆಂಡತಿಯ ಮುಡಿಗೆಂದು ಹೂ ತರಲು ಹೋದ ಮಾರಯ್ಯನೆಂಬವನು ಮನೆಗೆ ಬರಲೇ ಇಲ್ಲ.

ರಾಜ ಬೇಡಿಕೊಂಡಾಗ ಮಾಂತ್ರಿಕ ಹೇಳಿದ: "ಮೂರು ಹೂಗಳನ್ನು ಕೀಳದೆ, ಮುಟ್ಟದೆ, ಕತ್ತಲಾಗುವುದರೊಳಗೆ ನನ್ನ ಅಂಗೈಗೆ ತಂದಿಟ್ಟರೆ ನನ್ನ ಮಂತ್ರವೆಲ್ಲ ಸೋಲುತ್ತದೆ. ಆಗದಿದ್ದರೆ ಬಂದವರೂ ಮೃಗವೇ."

ಮಾರಯ್ಯನ ತಂಗಿ ಬೊಮ್ಮಕ್ಕ ಕನ್ನಡಿ ಮಾಡುವವಳು. ಅವಳ ಬಳಿ ಒಂದು ಬಿಂಬದ ಪೆಟ್ಟಿಗೆಯಿತ್ತು. ಮುಂದೆ ಹರಳು, ಹಿಂದೆ ಮದ್ದು ಸವರಿದ ಗಾಜು. ಮುಚ್ಚಳ ತೆಗೆದರೆ ಎದುರಿಗಿದ್ದುದರ ಬಿಂಬ ಬೆಳಕಿನ ಜೊತೆ ಒಳಗೆ ಬಂದು ಗಾಜಿನ ಮೇಲೆ ನಿಲ್ಲುತ್ತಿತ್ತು.

"ನೀನೂ ಬರದಿದ್ದರೆ ನನಗಿನ್ಯಾರು?" ಎಂದಳು ಅತ್ತಿಗೆ.

"ಇಬ್ಬರೂ ಬರುತ್ತೇವೆ ಅತ್ತಿಗೆ," ಎಂದು ಬೊಮ್ಮಕ್ಕ ಮೂರು ಗಾಜು ಕಟ್ಟಿಕೊಂಡು ಹೊರಟಳು.

ಮೊದಲು ಸಿಕ್ಕಿದ್ದು ನೀಲಿ ಹೂ. ದಂಟು ಕೂದಲಿನಷ್ಟು ಸಣ್ಣ. ಅವಳು ಪೆಟ್ಟಿಗೆ ಇಟ್ಟೊಡನೆ ಮಾಯದ ಗಾಳಿ ಬೀಸಿ ಹೂವನ್ನು ನಡುಗಿಸಿತು. "ಬೀಸಪ್ಪ, ನಿನಗೆ ಸಾಕಾಗುವ ತನಕ ಬೀಸು," ಎಂದು ಬೊಮ್ಮಕ್ಕ ಹೊಟ್ಟೆ ಊರಿ ಮಲಗಿ ಕಾದಳು. ಗಾಳಿ ದಣಿದು ಒಂದು ಗಳಿಗೆ ನಿಂತಿತು. ಆ ಗಳಿಗೆಯಲ್ಲೇ ಹೂ ಗಾಜಿಗೆ ಬಂತು.

ಎರಡನೆಯದು ಬಂಡೆಯ ಕೆಳಗಿನ ಬಿಳಿ ಹೂ. ಅಲ್ಲಿ ಮಬ್ಬು. ಒಂದು ಬೆಂಕಿಹಕ್ಕಿ ಹಾರಿ ಬಂದು, "ನಾನು ಬೆಳಕು ಕೊಡಲೇ?" ಎಂದಿತು. ಅದರ ಉರಿಬೆಳಕಿಗೆ ಎಸಳಿನ ಗೆರೆಗಳೆಲ್ಲ ಅಳಿಸಿಹೋಗಿ ಹೂವು ಬರಿಯ ಬಿಳಿ ಚುಕ್ಕೆಯಾಯಿತು. "ಬೇಡಮ್ಮ, ಎಲೆಗಳ ನಡುವೆ ಸೋಸಿ ಬರುವ ಬೆಳಕೇ ಸಾಕು," ಎಂದು ಬೊಮ್ಮಕ್ಕ ಹಕ್ಕಿಯನ್ನು ಕಳಿಸಿದಳು. ಮುಚ್ಚಳ ತೆಗೆದಿಟ್ಟು ನೂರು ಉಸಿರು ಎಣಿಸಿದಳು. ಒಂದೊಂದು ಗೆರೆಯೂ ಮೂಡಿತು.

ಮೂರನೆಯ ಹೂ ಹಳದಿ. ಸಂಜೆಯ ಕೊನೆಯ ಬಿಸಿಲು ಅದರ ಮೇಲೆ ಬೀಳುವುದರಲ್ಲಿತ್ತು. ಆದರೆ ಒಂದು ಹುಲಿ ಅಡ್ಡ ಮಲಗಿತ್ತು.

"ಬಂದವರನ್ನು ತಿನ್ನಬೇಕೆಂದು ಅಪ್ಪಣೆ," ಎಂದಿತು ಹುಲಿ.

ಬೊಮ್ಮಕ್ಕ ಪೆಟ್ಟಿಗೆಯನ್ನು ಹೂವಿನೆದುರು ಇಟ್ಟಳು. "ಬಿಸಿಲು ಹೋದರೆ ಮತ್ತೆ ಬಾರದು. ಸ್ವಲ್ಪ ಸರಿದುಕೋ. ಬಿಂಬ ಹಿಡಿದ ಮೇಲೆ ತಿನ್ನುವೆಯಂತೆ."

ತನ್ನ ಹತ್ತಿರ ಹೀಗೆ ಮಾತಾಡಿದವರನ್ನು ಹುಲಿ ಕಂಡಿರಲಿಲ್ಲ. ಅದು ಸರಿಯಿತು, ಒಂದು ಪಂಜ ಮಾತ್ರ ಹೂವಿನ ಪಕ್ಕದಲ್ಲೇ ಉಳಿಯಿತು. ಬಿಸಿಲಿಗೆ ಹೂ ದೀಪದಂತಾಯಿತು, ಬೊಮ್ಮಕ್ಕ ಮುಚ್ಚಳ ತೆಗೆದು ಬಿಂಬ ಹಿಡಿದಳು. ಗಾಜು ತೆಗೆದು ನೋಡಿದರೆ ಹೂವಿನ ಪಕ್ಕದಲ್ಲಿ ಹುಲಿಯ ಪಂಜವಿರಲಿಲ್ಲ, ಮನುಷ್ಯನ ಕೈಯಿತ್ತು. ಹೆಬ್ಬೆರಳು ಸೊಟ್ಟಗಿದ್ದ ಆ ಕೈಯನ್ನು ಹಿಡಿದೇ ಅವಳು ನಡೆಯಲು ಕಲಿತಿದ್ದಳು.

"ಮಾರಣ್ಣ," ಎಂದಳು. ಹುಲಿ ತಲೆ ತಗ್ಗಿಸಿ ಅವಳ ಹಿಂದೆ ನಡೆಯಿತು.

ಬೊಮ್ಮಕ್ಕ ಮೂರು ಗಾಜುಗಳನ್ನು ಕಾಡಿನ ನಡುವೆ ಕೂತಿದ್ದ ಮಾಂತ್ರಿಕನ ಅಂಗೈಯಲ್ಲಿಟ್ಟಳು.

"ಇವು ಹೂಗಳಲ್ಲ, ಬರಿಯ ನೆರಳು," ಎಂದು ಅವನು ನಕ್ಕ.

ಅಷ್ಟರಲ್ಲಿ ಒಂದು ಜೇನುಹುಳ ಬಂದು ನೀಲಿ ಹೂವಿನ ಗಾಜಿನ ಮೇಲೆ ಕೂತಿತು. ಅದು ಹಾರಿದಾಗ ಅದರ ಕಾಲಿಗೆ ಪರಾಗ ಮೆತ್ತಿತ್ತು. ಮಾಂತ್ರಿಕ ಮಂತ್ರ ಹೇಳಲು ಬಾಯಿ ತೆರೆದ, ಒಂದು ಅಕ್ಷರವೂ ನೆನಪಾಗಲಿಲ್ಲ. ಹುಲಿ ಮಾರಯ್ಯನಾಗಿ ನಿಂತ. ಪೊದೆಗಳಿಂದ ಜಿಂಕೆ, ಕರಡಿ, ಮೊಲಗಳೆಲ್ಲ ಮನುಷ್ಯರಾಗಿ ಎದ್ದು ಬಂದರು. ಕರಾಳ ಸಾಮಾನ್ಯ ಮುದುಕನಾಗಿ ಕಾಡು ಬಿಟ್ಟು ಹೋದ.

ಕತ್ತಲಾಗುವ ಮೊದಲೇ ಅಣ್ಣ ತಂಗಿ ಮನೆ ಸೇರಿದರು. ಮರುವಸಂತದಲ್ಲಿ ರಾಜ, ರಾಣಿ, ಊರಿನ ಜನರೆಲ್ಲ ಕಾಡಿಗೆ ಹೋಗಿ ನೆಲದ ಮೇಲೆ ಮಲಗಿ ಹೂ ನೋಡಿದರು. ಬೆಳ್ಳಿಗಾವಲಿನ ಮನೆಮನೆಯ ಕಿಟಕಿಯಲ್ಲೂ ಒಂದೊಂದು ಗಾಜಿನ ಹೂವಿತ್ತು. ಗಿಡದ ಹೂಗಳು ಗಿಡದಲ್ಲೇ ಇದ್ದವು. ಎಲ್ಲರೂ ನೆಮ್ಮದಿಯಾಗಿ ಬಾಳಿದರು.