ರಾಜನ ಬಾಯಿಗೆ ಹೊಕ್ಕ ಕರಿದುಂಬಿ

ಹೊಳೆಗಳಿಗೆ ಇನ್ನೂ ಯಾರೂ ಹೆಸರಿಡದ ಕಾಲದಲ್ಲಿ ಕರಿಮಲೆ ಅಂತ ಒಂದು ರಾಜ್ಯವಿತ್ತು. ಅಲ್ಲಿ ಯಾರು ಆಕಳಿಸಿದರೂ ಪಕ್ಕದವರು ಬಾಯಿಯ ಮುಂದೆ ಚಿಟಿಕೆ ಹೊಡೆಯುತ್ತಿದ್ದರು. ಆಕಳಿಕೆ ಅಂದರೇನು ಮತ್ತೆ? ಮೈ ತನಗೇ ಗೊತ್ತಿಲ್ಲದೆ ಬಾಗಿಲು ತೆರೆಯುವುದು. ಏನು ಬೇಕಾದರೂ ಒಳಗೆ ಹೊಕ್ಕೀತು!

ಒಂದು ದಿನ ತುಂಬಿದ ಸಭೆಯಲ್ಲಿ ರಾಜ ಚಿತ್ರಸೇನನೇ ಆಕಳಿಸಿದ. ರಾಜನ ಮುಖದ ಮುಂದೆ ಚಿಟಿಕೆ ಹೊಡೆಯುವವರು ಯಾರು? ಮಂತ್ರಿ ಸೇನಾಪತಿಯ ಮುಖ ನೋಡಿದ, ಸೇನಾಪತಿ ಪುರೋಹಿತರ ಮುಖ ನೋಡಿದ. ಅಷ್ಟರಲ್ಲಿ, ರಾಜ್ಯದ ಮೇಲೆ ಕಣ್ಣಿಟ್ಟಿದ್ದ ಘೋರಕನೆಂಬ ಮಾಂತ್ರಿಕ ಕರಿದುಂಬಿಯಾಗಿ ರಾಜನ ಬಾಯೊಳಗೆ ಹೊಕ್ಕುಬಿಟ್ಟ.

ಅಂದಿನಿಂದ ರಾಜನಿಗೆ ಬಿಕ್ಕಳಿಕೆ ಶುರುವಾಯಿತು. ಬಿಕ್ಕಳಿಕೆ ಬಂತೆಂದರೆ ಯಾರೋ ನೆನೆಯುತ್ತಿದ್ದಾರೆ ಅಂತಲ್ಲವೇ? ನೆನೆದವರು ಯಾರೆಂದು ತಿಳಿಯಲು, ಒಳಗಿನ ಘೋರಕನ ಅಪ್ಪಣೆಯಂತೆ ಡಂಗುರದವನು ಬೀದಿಬೀದಿಯವರ ಹೆಸರು ಕೂಗುವನು. ಯಾರ ಹೆಸರಿಗೆ ಬಿಕ್ಕಳಿಕೆ ನಿಂತಿತೋ ಅವರು ಘೋರಕನ ಮಾಟಕ್ಕೆ ನಿಂತಲ್ಲೇ ಕಲ್ಲು! ಬಾವಿಕಟ್ಟೆಯ ಮೇಲೆ ಕೊಡ ಹಿಡಿದ ಕಲ್ಲು, ತೊಟ್ಟಿಲ ಪಕ್ಕ ಜೋಗುಳದ ಬಾಯಿ ತೆರೆದ ಕಲ್ಲು. ಜನ ರಾಜನನ್ನು ನೆನೆಯುವುದಕ್ಕೇ ನಡುಗಿದರು.

ಇನ್ನು ದಾದಿಯರ ಕೇರಿಯ ಸರದಿ. ಅಲ್ಲಿದ್ದಳು ದ್ಯಾಮವ್ವ, ರಾಜನಿಗೆ ಎದೆಹಾಲು ಕೊಟ್ಟವಳು. ಮಗಳು ಸಂಕವ್ವ ಅವಳ ಮುಂದೆ ಬಂದು ಕೂತಳು.

“ಅವ್ವಾ, ಕೈಮುಗೀತೀನಿ, ಆ ರಾಜನ್ನ ನೆನೀಬೇಡ.”

“ನೆನೀಬಾರದು ಅಂದ್ಕೊಂಡಷ್ಟೂ ನೆನಪಾಗ್ತಾನಲ್ಲೇ! ಉಂಡಿದ್ದಾನೋ ಇಲ್ವೋ ನನ್ನ ಕೂಸು.”

ಸಂಕವ್ವ ಯೋಚಿಸಿದಳು. ಆಕಳಿಕೆಯಲ್ಲಿ ಒಳಹೊಕ್ಕದ್ದು ಹೊರಗೆ ಬರಬೇಕಾದರೆ ಸೀನೇ ಬರಬೇಕು. ಸೀನು ಅಂದರೆ ಮೈ ತನ್ನೊಳಗಿನ ಕಳ್ಳನನ್ನು ಕತ್ತು ಹಿಡಿದು ದಬ್ಬುವುದು. ಮಡಿಲಲ್ಲಿ ಒಣಮೆಣಸಿನಕಾಯಿ ಕಟ್ಟಿಕೊಂಡು, ಅಗ್ಗಿಷ್ಟಿಕೆಯಲ್ಲಿ ಕೆಂಡ ತುಂಬಿಕೊಂಡು ಹೊರಟಳು.

“ನಾನೂ ಬರ್ತೀನಿ,” ಅಂತ ದ್ಯಾಮವ್ವ ಬೆನ್ನು ಬಿಡಲಿಲ್ಲ.

“ರಾಜರಿಗೆ ದೃಷ್ಟಿ ತೆಗೀಬೇಕು,” ಎಂದು ಸಂಕವ್ವ ಹೇಳಿದಾಗ ಅರಮನೆಯ ಕಾವಲಿನವರು ದಾರಿ ಬಿಟ್ಟರು.

ಸಂಕವ್ವ ಸಿಂಹಾಸನದ ಮೊದಲ ಮೆಟ್ಟಿಲು ಹತ್ತಿದಳು. ರಾಜನ ಹೊಟ್ಟೆಯೊಳಗಿಂದ ಗಹಗಹ ನಗೆ ಉಕ್ಕಿತು. ಆ ನಗೆಗೆ ಜೊತೆಗೂಡಿದವರು ಉಸಿರುಕಟ್ಟಿ ಸಾಯುವವರೆಗೆ ನಗಬೇಕು. ಆಗಲೇ ಒಬ್ಬ ಭಟ ಹೊಟ್ಟೆ ಹಿಡಿದುಕೊಂಡು ನೀಲಿಗಟ್ಟಿದ್ದ. ಸಂಕವ್ವ ರಕ್ತ ಬರುವಂತೆ ನಾಲಗೆ ಕಚ್ಚಿಕೊಂಡಳು.

ಎರಡನೆಯ ಮೆಟ್ಟಿಲು ಹತ್ತಿದಳು. ರಾಜನಿಗೆ ರೋಷಾವೇಶ ಬಂತು. ಕಣ್ಣು ಕೆಂಡವಾಗಿ, ಕತ್ತಿ ಬೀಸಿದ. ಸಂಕವ್ವನ ಜಡೆ ತುಂಡಾಗಿ ನೆಲಕ್ಕೆ ಬಿತ್ತು. ಕಾಲು ಓಡು ಅಂದಿತು, ಅವಳು ಓಡಲಿಲ್ಲ.

ಮೂರನೆಯ ಮೆಟ್ಟಿಲು ಹತ್ತಿದಳು. ರಾಜನಿಗೆ ಬಿಕ್ಕಳಿಕೆ ಹತ್ತಿತು. ಡಂಗುರದವನು ಅಳುತ್ತಲೇ ಕೂಗತೊಡಗಿದ.

“ಗುತ್ತೆವ್ವ!” ಬಿಕ್ಕಳಿಕೆ ನಿಲ್ಲಲಿಲ್ಲ.

“ಬೈರವ್ವ!” ನಿಲ್ಲಲಿಲ್ಲ.

“ದ್ಯಾಮವ್ವ!”

ನಿಂತಿತು.

“ಸಂಕೀ, ಕಾಲು ತಣ್ಣಗಾಗ್ತಿದೆ ಕಣೇ...” ಕಲ್ಲು ಅವ್ವನ ಮೊಣಕಾಲು ದಾಟಿತು, ಸೊಂಟ ದಾಟಿತು, ಕೊರಳಿಗೆ ಬಂತು. ಮುಖವೂ ಕಲ್ಲಾಯಿತು.

“ಮುಂದಿನ ಹೆಸರು ನಿಂದೇ, ಹುಡುಗಿ,” ಎಂದ ಘೋರಕ ರಾಜನ ಬಾಯಿಂದ.

ಸಂಕವ್ವ ಮಡಿಲಿನ ಮೆಣಸಿನಕಾಯಷ್ಟನ್ನೂ ಕೆಂಡಕ್ಕೆ ಸುರಿದು, ಅಗ್ಗಿಷ್ಟಿಕೆಯನ್ನು ರಾಜನ ಮೂಗಿನಡಿಗೇ ಹಿಡಿದಳು. ಘಾಟು ಎದ್ದಿತು ನೋಡಿ! ಮಂತ್ರಿ ಕೆಮ್ಮಿದ, ಪುರೋಹಿತರು ಕೆಮ್ಮಿದರು. ರಾಜ ಮೂಗರಳಿಸಿದ, ಕಣ್ಣು ಮುಚ್ಚಿದ, ಮತ್ತೆ...

“ಆಕ್ಷೀ!”

ಕಂಬಗಳು ಅದುರಿದವು. ಕರಿದುಂಬಿ ಮೂಗಿನಿಂದ ಸಿಡಿದು ನೇರವಾಗಿ ಕೆಂಡಕ್ಕೆ ಬಿದ್ದು ಚಟಪಟ ಸುಟ್ಟುಹೋಯಿತು. ನೀಲಿಗಟ್ಟಿದ್ದ ಭಟ ಉಸಿರೆಳೆದುಕೊಂಡ. ಬಾವಿಕಟ್ಟೆಯ ಕಲ್ಲು ಕೊಡ ಇಳಿಸಿತು, ತೊಟ್ಟಿಲ ಪಕ್ಕದ ಕಲ್ಲು ಜೋಗುಳ ಮುಂದುವರಿಸಿತು.

ದ್ಯಾಮವ್ವ ಕಣ್ಣು ಬಿಟ್ಟಳು. ಮಗಳ ಮೋಟುಜಡೆ ಸವರಿ ನಿಟ್ಟುಸಿರುಬಿಟ್ಟಳು. ಸಿಂಹಾಸನದ ಕಡೆ ನೋಡಿ, ತುಂಬಿದ ಸಭೆಯಲ್ಲಿ, ಯಾರ ಹಂಗೂ ಇಲ್ಲದೆ ಗದರಿದಳು:

“ಮೊದಲು ಮೂಗು ಒರೆಸ್ಕೋ, ಮಗಾ!”

ರಾಜ ಜರಿಪಟ್ಟೆಯ ಶಲ್ಯದಿಂದ ಮೂಗು ಒರೆಸಿಕೊಂಡು, “ಆಯ್ತವ್ವ,” ಎಂದ. ಆಮೇಲೆ ಕರಿಮಲೆಯ ಜನ ರಾಜನನ್ನು ಮನಸಾರೆ ನೆನೆಯುತ್ತ, ರಾಜ ಊಟದ ನಡುನಡುವೆ ಸಂತೋಷದಿಂದ ಬಿಕ್ಕಳಿಸುತ್ತ, ಎಲ್ಲರೂ ಬಹುಕಾಲ ಸುಖವಾಗಿದ್ದರು.