ಮಂಜೊಟ್ಟಿಯಲ್ಲಿ ಕಪ್ಪಾದ ಪರದೆ

"ಸಂಜೆಯೊಳಗೆ ತಪ್ಪು ಒಪ್ಪಿಕೊಳ್ಳದಿದ್ದರೆ ಯಜಮಾನರು ಪೊಲೀಸರಿಗೆ ಕೊಡ್ತಾರಂತೆ, ಟೀಚರ್. ಲಂಚ ತಿಂದು ಪರದೆ ಕಪ್ಪು ಮಾಡಿದ್ದು ನಾನಂತೆ."

ರಾಜಮತಿ ಟೀಚರ ಜಗಲಿಯಲ್ಲಿ ನಿಂತಿದ್ದ ವಿಸ್ಮಿತಾಳ ಕಣ್ಣು ಅತ್ತು ಅತ್ತು ಕೆಂಪಾಗಿತ್ತು. ನಿಝಾರ್‌ಗೆ ಸುದ್ದಿ ಗೊತ್ತಿತ್ತು. ಮೂಡಬಿದಿರೆಯಲ್ಲಿ ಯಾರಿಗೆ ಗೊತ್ತಿರಲಿಲ್ಲ? ಬಂಟ್ವಾಳದ ಕಡೆಯ ಕಂಬಳವೊಂದರ ಕೊನೆಯ ಓಟ. ಓಟ ಮುಗಿಯುವ ಮಂಜೊಟ್ಟಿಗೆ ಎರಡು ಜೋಡಿ ಕೋಣಗಳು ಒಟ್ಟಿಗೇ ನುಗ್ಗಿದ ಹೊತ್ತಿಗೆ ನೇರಪ್ರಸಾರದ ಪರದೆ ಮೂರು ಸೆಕೆಂಡು ಕಪ್ಪಾಗಿತ್ತು. ತೀರ್ಪನ್ನು ಸೋತವರು ಒಪ್ಪಲಿಲ್ಲ. ಕ್ಯಾಮೆರಾ ಬದಲಿಸುವ ಸ್ವಿಚರ್ ಪೆಟ್ಟಿಗೆಯ ಎದುರು ಕೂತಿದ್ದವಳು ವಿಸ್ಮಿತಾ. ಬಡವರ ಮನೆಯ ಹುಡುಗಿಯ ತಲೆಯ ಮೇಲೆ ಗೂಬೆ ಕೂರಿಸಲು ನಮ್ಮ ಊರಿಗೆ ಅದಕ್ಕಿಂತ ಹೆಚ್ಚಿನ ಸಾಕ್ಷಿ ಬೇಕಾಗಿಲ್ಲ.

ರಾಜಮತಿ ಟೀಚರ್ ಪಾಲಿಟೆಕ್ನಿಕ್‌ನಲ್ಲಿ ಇಲೆಕ್ಟ್ರಾನಿಕ್ಸ್ ಕಲಿಸಿ ನಿವೃತ್ತರಾದವರು. ಊರಿನ ಕಳವು, ಮೋಸಗಳೆಲ್ಲ ಕೊನೆಗೆ ಬರುವುದು ಅವರ ಜಗಲಿಗೇ. ಟಿ.ವಿ. ರಿಪೇರಿಯ ನಿಝಾರ್ ಅವರ ಹಳೇ ಶಿಷ್ಯ, ಇಂಥ ಕೆಲಸಗಳಲ್ಲಿ ಅವರ ಬಲಗೈ.

"ಪೆಟ್ಟಿಗೆಯಲ್ಲಿ ಬಟನ್ ಎಷ್ಟುಂಟು?"

"ಎರಡು ಟೀಚರ್. ಮಂಜೊಟ್ಟಿಯ ಕ್ಯಾಮೆರಾಕ್ಕೊಂದು, ಜನರ ಕಡೆಯದಕ್ಕೊಂದು."

"ಜನರ ಕಡೆಯದು ಆಗ ಸರಿ ಇತ್ತಾ?"

"ಇತ್ತು. ಅದರ ಕಾರ್ಡಿನಲ್ಲಿ ಎಲ್ಲ ರೆಕಾರ್ಡ್ ಆಗಿದೆ."

"ಹೋಗುವ," ಎಂದರು ಟೀಚರ್.

ನೇರಪ್ರಸಾರ ಮಾಡುವವರ ಗುರುವಾಯನಕೆರೆಯ ಆಫೀಸಿನಲ್ಲಿ ಯಜಮಾನ ಸಂಪತ್‌ಕುಮಾರ, ಕಂಬಳ ಸಮಿತಿಯ ಸಮ್ಮೇದ್, ಇಂಜಿನಿಯರ್ ಅಭಿನಂದನ್ ಕೂತಿದ್ದರು. ಅಭಿನಂದನನ ಕೊರಳಲ್ಲಿ ಐಡಿ ಕಾರ್ಡು ನೇತಾಡುತ್ತಿತ್ತು. ಮೂರೇ ಜನರ ಆಫೀಸಿನಲ್ಲಿ ಅದನ್ನು ಯಾರಿಗೆ ತೋರಿಸಲಿಕ್ಕೋ ಎಂದು ನಿಝಾರ್‌ಗೆ ನಗು ಬಂತು.

"ಅವಳೇ ಎರಡನೇ ಬಟನ್ ಒತ್ತಿದ್ದು," ಎಂದ ಅಭಿನಂದನ್. "ಪೆಟ್ಟಿಗೆ ನನಗಿಂತ ಮೊದಲು ಇಲ್ಲಿದ್ದ ನೋಣಯ್ಯನವರು ಮಾಡಿದ್ದು. ಅವರು ತೀರಿ ವರ್ಷವಾಯ್ತು, ನಾನು ಸೇರಿದ್ದು ಮೊನ್ನೆ ಮೊನ್ನೆ. ಅದರ ಮುಚ್ಚಳ ಸಹ ತೆರೆದವನಲ್ಲ. ಎಂಥ ಡಿಸೈನ್ ಮಾರಾಯ್ರೆ ಅದು! ಐಸಿ ಚಿಪ್ಪಿನ ಉಪಯೋಗವೇ ಇಲ್ಲದ ಕಾಲುಗಳಿಗೆಲ್ಲ ಹಸಿರು ವಯರ್! ನನ್ನ ಹೊಸ ಮಾಡೆಲ್ ಬರ್ಲಿಕ್ಕುಂಟು, ಆಗ ನೋಡಿ."

ಟೀಚರ್ ಕಣ್ಸನ್ನೆ ಮಾಡಿದರು. ನಿಝಾರ್ ಪ್ಲಾಸ್ಟಿಕ್ ಪೆಟ್ಟಿಗೆಯ ಸ್ಕ್ರೂ ಬಿಚ್ಚಿದ. ಒಳಗೆ ಎಲ್ಲ ಕಡೆ ಧೂಳು. ನಡುವಿನ ಐಸಿಯ ಮೂರು ಕಾಲುಗಳ ಬುಡದಲ್ಲಿ ಮಾತ್ರ ಬೆಸುಗೆ ಹೊಸದಾಗಿ ಹೊಳೆಯುತ್ತಿತ್ತು. ಹಸಿರು ವಯರ್ ಒಂದೂ ಇರಲಿಲ್ಲ.

ಕ್ಯಾಮೆರಾ ಜೋಡಿಸಿ ಚಿತ್ರ ಬರಿಸಿದ ಮೇಲೆ ಟೀಚರ್ ಐಸಿಯ ಹತ್ತಿರ ಅಂಗೈ ತಂದರು. ಪರದೆ ಕಪ್ಪಾಯಿತು. ಕೈ ಹಿಂದೆಗೆದರು, ಚಿತ್ರ ಬಂತು. ಸಮ್ಮೇದ್ ಕುರ್ಚಿಯಿಂದ ಎದ್ದೇಬಿಟ್ಟರು.

"ನಾನು ಬಟನ್ ಮುಟ್ಟಿದೆನಾ?" ಎಂದು ಕೇಳಿದರು ಟೀಚರ್. "ವಿಸ್ಮಿತಾ ಎರಡನೆಯದನ್ನು ಒತ್ತಿದ್ದರೆ ಪರದೆಯಲ್ಲಿ ಜನ ಕಾಣಬೇಕಿತ್ತು. ಕಪ್ಪಿಗೆ ಬಟನೇ ಇಲ್ಲ! ಇಷ್ಟು ಜನ ದೊಡ್ಡವರಲ್ಲಿ ಒಬ್ಬರಿಗೂ ಇದು ಹೊಳೆಯಲಿಲ್ಲ. ಈ ಐಸಿ ನಾಲ್ಕು ಕ್ಯಾಮೆರಾಗಳಲ್ಲಿ ಒಂದನ್ನು ಆಯ್ದುಕೊಳ್ಳುವಂಥದ್ದು. ನಮಗೆ ಬೇಕಾದದ್ದು ಎರಡೇ. ಉಳಿದೆರಡರ ಇನ್‌ಪುಟ್ ಕಾಲುಗಳು, ಅವುಗಳ ಕಡೆಗೆ ತಿರುಗಿಸುವ ಆಯ್ಕೆಯ ಕಾಲು, ಇವು ಬೇಡ ಅಂತ ಹಾಗೇ ಬಿಡಬಾರದು. ಬಿಟ್ಟರೆ ಹತ್ತಿರ ಬಂದ ಕೈಯ, ಮೊಬೈಲಿನ ಪ್ರಭಾವಕ್ಕೆ ಐಸಿ ತಾನೇ ಕ್ಯಾಮೆರಾ ಇಲ್ಲದ ಖಾಲಿ ಕಾಲನ್ನು ಆಯ್ದುಕೊಳ್ತದೆ, ಪರದೆ ಕಪ್ಪಾಗ್ತದೆ. ಅದಕ್ಕೇ ನೋಣಯ್ಯ ಮೂರನ್ನೂ ವಯರ್ ಹಾಕಿ ಗ್ರೌಂಡಿಗೆ, ಅಂದರೆ ಸೊನ್ನೆ ವೋಲ್ಟಿಗೆ, ಕಟ್ಟಿದ್ದರು. ಕೊನೆಯ ಓಟಕ್ಕೆ ಎಷ್ಟು ಜನ ಪೆಟ್ಟಿಗೆಯ ಮೇಲೆ ಬಗ್ಗಿದ್ರಿ?"

"ಹತ್ತು ಜನ ಇದ್ದೆವು," ಎಂದರು ಸಮ್ಮೇದ್ ಮೆಲ್ಲಗೆ.

"ವಯರ್ ಹಸಿರು ಅಂತ ನಿನಗೆ ಹೇಗೆ ಗೊತ್ತಾಯ್ತು ಅಭಿನಂದನ್? ನೋಣಯ್ಯನವರನ್ನು ನೀನು ಕಂಡವನಲ್ಲ, ಮುಚ್ಚಳ ತೆರೆದವನಲ್ಲ. ಈಗ ಒಳಗೆ ಹಸಿರಿನ ಗುರುತೂ ಇಲ್ಲ."

ಅಭಿನಂದನನ ಮುಖ ಬಿಳಿಚಿತು. "ಹೊಸ ಮಾಡೆಲಿಗೆ ನಕಲು ಮಾಡ್ಲಿಕ್ಕೆ ತೆರೆದೆ... ಕಂಬಳದ ಹಿಂದಿನ ದಿನ. ಸುಮ್ಮನೆ ಕಟ್ಟಿದ್ದು ಅಂತ ಕಿತ್ತೆ."

"ಗೊತ್ತಿಲ್ಲದೆ ಕಿತ್ತೆ, ಅದು ದಡ್ಡತನ. ಗೊತ್ತಾದ ಮೇಲೂ ಈ ಹುಡುಗಿಯ ತಲೆಗೆ ಕಟ್ಟಿದೆಯಲ್ಲ, ಥೂ!"

ಓದಿದ ಗರ್ವ ಇಷ್ಟು ಬೇಗ ಇಳಿದದ್ದನ್ನು ನಿಝಾರ್ ಯಾವತ್ತೂ ನೋಡಿರಲಿಲ್ಲ. ಅಭಿನಂದನನ ಮೇಲೆ ಅವನಿಗೆ ಕಿಂಚಿತ್ತೂ ಕರುಣೆ ಬರಲಿಲ್ಲ. ಸಂಪತ್‌ಕುಮಾರ ಗಂಟಲು ಸರಿಮಾಡಿಕೊಂಡು, ದೊಡ್ಡ ಉಪಕಾರ ಮಾಡುವವನ ಹಾಗೆ ಹೇಳಿದ: "ಆದದ್ದು ಆಯ್ತು ವಿಸ್ಮಿತಾ. ದೂರು ಇಲ್ಲ. ನಾಳೆಯಿಂದ ಕೆಲಸಕ್ಕೆ ಬಾ."

ವಿಸ್ಮಿತಾ ಬ್ಯಾಗು ಹೆಗಲಿಗೇರಿಸಿದಳು. "ನೀವು ಎಲ್ಲರನ್ನೂ ಕೇಳಿದ್ರಿ ಸರ್. ನಾನು ಏನು ಒತ್ತಿದೆ ಅಂತ ನನ್ನನ್ನೊಬ್ಬಳನ್ನು ಕೇಳಲಿಲ್ಲ."

ಉತ್ತರಕ್ಕೆ ಕಾಯದೆ ಅವಳು ಮೆಟ್ಟಿಲಿಳಿದು ಮನೆಯ ಕಡೆಗೆ ಹೋಗುವ ಬೆಳ್ತಂಗಡಿಯ ಬಸ್ಸು ಹತ್ತಿದಳು.